ಮೂವತ್ತು ವರ್ಷದ ಮೌಂಟನ್ ಬೈಕು, ದಿನಾ ಆಫೀಸಿಗೆ: ಆರಿಸುವುದು, ಸಜ್ಜು ಮಾಡುವುದು

ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಸನಿವೇಲ್, ಮೌಂಟನ್ ವ್ಯೂ, ಸ್ಯಾನ್ ಹೊಸೆ ಕಡೆ ಬಂದು ನೆಲೆಸಿದ ನಮ್ಮವರು ಮೊದಲು ಕಾರು ಕೊಳ್ಳುತ್ತಾರೆ. ಮನೆಯಿಂದ ಕ್ಯಾಲ್‌ಟ್ರೇನ್ ಅನ್ನುವ ಲೋಕಲ್ ರೈಲಿನ ಸ್ಟೇಷನ್ನಿಗೆ ಎರಡು ಮೂರು ಮೈಲಿ, ಆ ಕಡೆ ಇಳಿದ ಮೇಲೆ ಆಫೀಸಿಗೆ ಇನ್ನೊಂದೆರಡು ಮೈಲಿ ಅನ್ನುವ ಲೆಕ್ಕ ಹೊಳೆದಾಗ ಸೈಕಲ್ ನೆನಪಾಗುತ್ತದೆ. ಅಂಗಡಿಯ ಹೊಸ ಸೈಕಲ್ಲಿನ ಬೆಲೆ ನೋಡಿದರೆ ಸುಮ್ನೆ ವಾಪಸ್ ಬರುವ ಹಾಗೆ ಇರುತ್ತದೆ. ಅದೇ ಊರಿನ ಗ್ಯಾರೇಜುಗಳಲ್ಲಿ 1990ರ ಆಸುಪಾಸಿನ ಸ್ಟೀಲ್ ಮೌಂಟನ್ ಬೈಕುಗಳು ಗಾಳಿ ಇಳಿದು, ಧೂಳು ಹಿಡಿದು ನಿಂತಿರುತ್ತವೆ. ದಿನಾ ಓಡಾಡಲು ಅವುಗಳಷ್ಟು ಒಳ್ಳೆಯ ಸೈಕಲ್ ಈಗಿನ ಕಾಲದಲ್ಲೂ ಕಡಿಮೆ.

ನನ್ನ ಮಾತು ಇಷ್ಟೇ. ಫ್ರೇಮನ್ನು ನೋಡಿ ಕೊಳ್ಳಿ, ದುಡ್ಡನ್ನು ರಬ್ಬರಿಗೆ ಹಾಕಿ. ರಬ್ಬರ್ ಅಂದರೆ ಟೈರು, ಟ್ಯೂಬು, ಬ್ರೇಕ್ ಶೂ. ಮಿಕ್ಕ ಹೊಳೆಯುವ ಭಾಗಗಳ ಆಸೆ ಬೇಡ.

ಯಾವ ಕಾಲದ್ದು?

1986ರಿಂದ 1995ರವರೆಗಿನದು. ಮುಂದೆ ಸಸ್ಪೆನ್ಷನ್ ಇಲ್ಲದ, ಗಟ್ಟಿ ಫೋರ್ಕ್ (ಮುಂದಿನ ಗಾಲಿ ಹಿಡಿಯುವ ಕವಲು) ಇರುವ ಸೈಕಲ್ಲನ್ನೇ ಹುಡುಕಿ.

ಈ ಸೈಕಲ್ ಹುಟ್ಟಿದ್ದು ಇಲ್ಲೇ ಹತ್ತಿರ, ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ ಮರಿನ್ ಕೌಂಟಿಯಲ್ಲಿ. 1970ರ ದಶಕದಲ್ಲಿ ಅಲ್ಲಿನ ಹುಡುಗರು ದಪ್ಪ ಟೈರಿನ ಹಳೇ ಷ್ವಿನ್ ಸೈಕಲ್ಲುಗಳನ್ನು ಗುಡ್ಡದ ಮೇಲಿಂದ ಮಣ್ಣಿನ ದಾರಿಯಲ್ಲಿ ಬಿಡುತ್ತಿದ್ದರು. ಆ ಟೈರಿನ ಅಳತೆಯೇ ಮುಂದೆ ಮೌಂಟನ್ ಬೈಕಿನ 26 ಇಂಚು ಆಯಿತು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂತು, ಮರುವರ್ಷ ಶಿಮಾನೋದ ಡಿಯೋರ್ ಎಕ್ಸ್‌ಟಿ ಬಿಡಿಭಾಗಗಳು ಬಂದವು. ಮುಂದಿನ ಹತ್ತು ವರ್ಷ ಅಮೆರಿಕದಲ್ಲಿ ಎಲ್ಲರಿಗೂ ಮೌಂಟನ್ ಬೈಕ್ ಹುಚ್ಚು. ಕೊಂಡವರಲ್ಲಿ ಬೆಟ್ಟ ಹತ್ತಿದವರು ಎಷ್ಟು ಜನವೋ! ಹಾಗಾಗಿ ಮೈ ಸವೆಯದ ಸೈಕಲ್ಲುಗಳು ಇವತ್ತಿಗೂ ಸಿಗುತ್ತವೆ.

ಆ ಕಾಲದಲ್ಲಿ ಸಸ್ಪೆನ್ಷನ್ ಇನ್ನೂ ಅಪರೂಪ. ಜನ ಬೆಟ್ಟಕ್ಕೆ ಇದೇ ಸೈಕಲ್ಲಿನಲ್ಲಿ ಸಾಮಾನು ಹೇರಿಕೊಂಡು ಹೋಗುತ್ತಾರೆ ಎಂದುಕೊಂಡು ಕಂಪನಿಗಳು ಫ್ರೇಮಿಗೆ ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಕಟ್ಟುವ ತೂತುಗಳನ್ನು ಕೊಡುತ್ತಿದ್ದವು. ಫೋರ್ಕಿನಲ್ಲೂ, ಹಿಂದಿನ ಗಾಲಿ ಹಿಡಿಯುವ ಪೈಪುಗಳಲ್ಲೂ ದಪ್ಪ ಟೈರಿಗೆ ಧಾರಾಳ ಜಾಗ. ಆಫೀಸಿಗೆ ಹೋಗುವವರಿಗೆ ಬೇಕಾದ್ದೂ ಇದೇ ಅಲ್ವಾ?

1989-90ರಲ್ಲಿ ರಾಕ್‌ಶಾಕ್ಸ್ ಕಂಪನಿಯ ಸಸ್ಪೆನ್ಷನ್ ಫೋರ್ಕ್ ಬಂದ ಮೇಲೆ ಎಲ್ಲರೂ ಸಸ್ಪೆನ್ಷನ್ ಹಿಂದೆ ಬಿದ್ದರು. 90ರ ದಶಕದ ನಡುವಿನ ಎಷ್ಟೋ ಫೋರ್ಕುಗಳ ಒಳಗೆ ರಬ್ಬರಿನಂಥ ತುಂಡುಗಳಿದ್ದವು. ಅವು ಈಗ ಕಲ್ಲಾಗಿರುತ್ತವೆ ಅಥವಾ ಪುಡಿಯಾಗಿರುತ್ತವೆ. ಬಿಡಿಭಾಗ ಸಿಗುವುದಿಲ್ಲ. ಅಂಥದ್ದು ಬೇಡ.

ಯಾವ ಹೆಸರು?

ಸ್ಪೆಷಲೈಸ್ಡ್ ರಾಕ್‌ಹಾಪರ್, ಟ್ರೆಕ್ 800 ಮತ್ತು 900 ಸರಣಿ, ಡೈಮಂಡ್‌ಬ್ಯಾಕ್, ಯೂನಿವೆಗಾ, ಮಿಯಾಟಾ, ಷ್ವಿನ್ ಹೈ ಸಿಯೆರಾ, ಜಯಂಟ್, ಮರಿನ್. ಯಾವುದಾದರೂ ಸರಿ. ಫ್ರೇಮಿನ ಸ್ಟಿಕ್ಕರ್ ಮೇಲೆ ಕ್ರೋಮೋಲಿ (ಗಟ್ಟಿ ಮಿಶ್ರಲೋಹದ ಸ್ಟೀಲು) ಅಂತ ಇದೆಯೇ ನೋಡಿ. 'ಹೈ ಟೆನ್ಸೈಲ್' ಅಂತ ಮಾತ್ರ ಇದ್ದರೆ ಅದು ಭಾರದ, ಕೆಳ ದರ್ಜೆಯ ಸ್ಟೀಲು. ಓಡುತ್ತದೆ, ಆದರೆ ಕೊಟ್ಟ ದುಡ್ಡಿಗೆ ಕ್ರೋಮೋಲಿಯೇ ವಾಸಿ. ಸೂಪರ್‌ಮಾರ್ಕೆಟ್ಟಿನಲ್ಲಿ ಆಟಿಕೆಗಳ ಪಕ್ಕದಲ್ಲಿ ಮಾರುತ್ತಿದ್ದ ಸೈಕಲ್ಲುಗಳನ್ನು ಮುಟ್ಟಲೇ ಬೇಡಿ.

ಬಹಳ ಹೆಸರುವಾಸಿಯಾದದ್ದೂ ಬೇಡ. ಬ್ರಿಜ್‌ಸ್ಟೋನ್ ಎಂಬಿ-1, ರಿಚ್ಚಿ, ಮೊದಲ ಸ್ಟಂಪ್‌ಜಂಪರ್ ಇವೆಲ್ಲ ಸಂಗ್ರಹ ಮಾಡುವವರ ವಸ್ತುಗಳು. ಬೆಲೆ ಜಾಸ್ತಿ. ಸ್ಟೇಷನ್ ಹೊರಗೆ ಬೀಗ ಹಾಕಿ ಹೋದರೆ ಇಡೀ ದಿನ ಮೀಟಿಂಗಿನಲ್ಲಿ ಕೂತು ಅದರದ್ದೇ ಯೋಚನೆ. ಬಣ್ಣ ಕೆತ್ತಿಹೋದ, ಸ್ಟಿಕ್ಕರ್ ಅರ್ಧ ಕಿತ್ತ ಸೈಕಲ್ಲೇ ಆಫೀಸಿಗೆ ಸರಿ. ಕಳ್ಳನ ಕಣ್ಣು ಪಕ್ಕದ್ದರ ಮೇಲೆ ಬೀಳುತ್ತದೆ.

ನಿಮ್ಮ ಅಳತೆ

ಈ ಸೈಕಲ್ಲುಗಳ ಸೈಜನ್ನು ಸೀಟಿನ ಕೆಳಗಿನ ಪೈಪಿನ ಉದ್ದದಲ್ಲಿ, ಇಂಚಿನಲ್ಲಿ ಹೇಳುತ್ತಾರೆ. ಐದೂವರೆ ಅಡಿ ಆಸುಪಾಸಿನವರಿಗೆ 17-18 ಇಂಚು, ಐದು ಅಡಿ ಹತ್ತು ಇಂಚಿನವರಿಗೆ 19-20 ಇಂಚು ಅಂತ ಶುರು ಮಾಡಬಹುದು. ಶೂ ಹಾಕಿಕೊಂಡು ಮೇಲಿನ ಪೈಪಿನ ಎರಡೂ ಕಡೆ ಕಾಲಿಟ್ಟು ನಿಲ್ಲಿ. ನಿಮಗೂ ಪೈಪಿಗೂ ನಡುವೆ ಒಂದೆರಡು ಇಂಚು ಜಾಗ ಇರಬೇಕು.

ಇನ್ನೊಂದು ವ್ಯತ್ಯಾಸ ಇದೆ. 80ರ ದಶಕದ ಸೈಕಲ್ಲುಗಳು ಉದ್ದಕ್ಕೆ, ಆರಾಮಾಗಿ ಇರುತ್ತವೆ. 90ರ ನಂತರದವು ರೇಸಿನ ಹಾದಿ ಹಿಡಿದವು. ಉದ್ದನೆಯ ಸ್ಟೆಮ್ಮು (ಹ್ಯಾಂಡಲ್ಲನ್ನು ಫ್ರೇಮಿಗೆ ಸೇರಿಸುವ ಕೊಂಡಿ), ತಗ್ಗಿನ ಹ್ಯಾಂಡಲ್, ಕೂತರೆ ಬೆನ್ನು ಬಗ್ಗುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೆ 80ರ ದಶಕದ್ದು ಸಿಕ್ಕರೆ ಒಳ್ಳೆಯದು. 90ರದ್ದೇ ಸಿಕ್ಕರೂ ಹ್ಯಾಂಡಲ್ ಬದಲಿಸಿ ಸರಿಮಾಡಿಕೊಳ್ಳಬಹುದು.

ಕೊಳ್ಳುವ ಮುಂಚೆ, ಅಲ್ಲೇ ನಿಂತು

ಒಂದು 5 ಮಿ.ಮೀ. ಮತ್ತು ಒಂದು 6 ಮಿ.ಮೀ. ಅಲೆನ್ ಕೀ, ಒಂದು ಇಂಚಿನ ಸ್ಕೇಲು, ಟಾರ್ಚು ಜೇಬಿನಲ್ಲಿರಲಿ. ಮೊದಲ ಕೆಲಸ, ಸೀಟ್ ಪೋಸ್ಟ್ (ಸೀಟನ್ನು ಹೊತ್ತ ಕೊಳವೆ) ಅಲ್ಲಾಡುತ್ತದೆಯೇ ನೋಡುವುದು. ಬೋಲ್ಟ್ ಸಡಿಲ ಮಾಡಿ, ಸೀಟನ್ನು ತಿರುಗಿಸಿ, ಮೇಲೆಳೆಯಿರಿ. ಅಲ್ಯೂಮಿನಿಯಂ ಪೋಸ್ಟು ಸ್ಟೀಲ್ ಪೈಪಿನೊಳಗೆ ಗ್ರೀಸಿಲ್ಲದೆ ಇಪ್ಪತ್ತು ವರ್ಷ ಕೂತರೆ ಎರಡೂ ಲೋಹ ಸೇರಿ ಕಚ್ಚಿಕೊಂಡುಬಿಡುತ್ತವೆ. ಬಿಡಿಸಲು ಎಣ್ಣೆ, ಬಿಸಿ, ಕೊನೆಗೆ ಗರಗಸ. ಅಂಥ ಸೈಕಲ್ ಪುಕ್ಕಟೆ ಕೊಟ್ಟರೂ ಬೇಡ ಅನ್ನಿ, ಆ ಪೋಸ್ಟು ಈಗಾಗಲೇ ನಿಮ್ಮ ಎತ್ತರಕ್ಕೆ ಸರಿಯಾಗಿದ್ದರೆ ಮಾತ್ರ ಬೇರೆ ಮಾತು. ಹ್ಯಾಂಡಲ್ಲಿನ ಸ್ಟೆಮ್ಮಿಗೂ ಇದೇ ಪರೀಕ್ಷೆ. ಅದರ ಬೋಲ್ಟನ್ನು ಎರಡು ಮೂರು ಸುತ್ತು ಸಡಿಲಿಸಿ, ಬೋಲ್ಟಿನ ತಲೆಗೆ ಮೇಲಿಂದ ಮೆಲ್ಲಗೆ ತಟ್ಟಿದರೆ ಒಳಗಿನ ಬೆಣೆ ಬಿಡಬೇಕು.

ಎರಡನೆಯದು, ಡಿಕ್ಕಿ ಹೊಡೆದ ಗುರುತು. ಹ್ಯಾಂಡಲ್ ಕೆಳಗಿನ ಗಿಡ್ಡ ಪೈಪು ಮತ್ತು ಕೆಳಕ್ಕೆ ಇಳಿಯುವ ಪೈಪು ಸೇರುವ ಜಾಗದ ಹಿಂದೆ, ಅಡಿಯಿಂದ ಬೆರಳಾಡಿಸಿ. ಬಣ್ಣ ಸುಕ್ಕುಗಟ್ಟಿದ್ದರೆ, ಅಲೆಯ ಹಾಗೆ ಉಬ್ಬಿದ್ದರೆ, ಆ ಸೈಕಲ್ ಎಲ್ಲೋ ಎದುರಿಗೆ ಗುದ್ದಿದೆ. ಬಿಟ್ಟು ನಡೆಯಿರಿ. ಪಕ್ಕದಿಂದ ನೋಡಿದಾಗ ಫೋರ್ಕು ಹಿಂದಕ್ಕೆ ಬಾಗಿದ ಹಾಗೆ ಕಂಡರೂ ಅಷ್ಟೇ.

ತುಕ್ಕು ಮೇಲೆ ಮೇಲೆ ಇದ್ದರೆ ಹೆದರಬೇಡಿ. ಬಣ್ಣ ಗುಳ್ಳೆ ಎದ್ದಿದ್ದರೆ, ಫ್ರೇಮಿನ ಕೆಳತುದಿಯಲ್ಲಿ ಪೆಡಲ್ ಅಚ್ಚು ಕೂರುವ ಡಬ್ಬಿಯ ಅಡಿ ಒತ್ತಿದರೆ ಪದರ ಪದರವಾಗಿ ಉದುರಿದರೆ, ಆಗ ಹೆದರಿ.

ಆಮೇಲೆ ರಿಮ್ಮು. ಹಳೇ ಬ್ರೇಕು ರಿಮ್ಮನ್ನೇ ಉಜ್ಜುತ್ತದೆ. ಸ್ಕೇಲನ್ನು ರಿಮ್ಮಿನ ಪಕ್ಕಕ್ಕೆ ಇಡಿ. ನಡುವೆ ಬೆಳಕು ಕಾಣುವಷ್ಟು ಹಳ್ಳ ಬಿದ್ದಿದ್ದರೆ ಆ ಗಾಲಿಯ ಆಯಸ್ಸು ಮುಗಿಯಿತು. ಸಣ್ಣ ಬೆಂಡಿದ್ದರೆ ತೆಗೆಯಬಹುದು. ಗಾಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಪೆಡಲಿನ ತೋಳನ್ನೂ (ಕ್ರ್ಯಾಂಕ್) ಅಲ್ಲಾಡಿಸಿ. ಸ್ವಲ್ಪ ಪ್ಲೇ ಇದ್ದರೆ ಅದು ಬೇರಿಂಗಿನ ಮಾತು, ರಿಪೇರಿ ಆಗುತ್ತದೆ, ಆದರೆ ಬೆಲೆ ಇಳಿಸಲು ಒಳ್ಳೆಯ ಕಾರಣ.

ಚೈನನ್ನು ಸ್ಕೇಲಿನಿಂದಲೇ ಅಳೆಯಿರಿ. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಅದರ ಮುಂದಿನ 24ನೆಯ ಪಿನ್ನಿನ ನಡುವಿಗೆ ದೂರ ಸರಿಯಾಗಿ 12 ಇಂಚು. ಅದು 1/16 ಇಂಚು ಜಾಸ್ತಿಯಾಗಿದ್ದರೆ ಚೈನು ಬದಲಿಸಿ. 1/8 ಇಂಚು ದಾಟಿದ್ದರೆ ಹಿಂದಿನ ಗೇರಿನ ಹಲ್ಲುಗಳೂ ಸವೆದಿರುತ್ತವೆ, ಎರಡನ್ನೂ ಬದಲಿಸಬೇಕು. 80ರ ದಶಕದ ಶಿಮಾನೋ ಸೈಕಲ್ಲುಗಳಲ್ಲಿ ಮುಂದಿನ ಹಲ್ಲಿನ ಚಕ್ರ ಮೊಟ್ಟೆಯಾಕಾರಕ್ಕೆ ಇರುವುದು ಕಂಡರೆ ಬೆಂಡಾಗಿದೆ ಅಂತ ತಿಳಿಯಬೇಡಿ. ಅದು ಬಯೋಪೇಸ್, ಬೇಕಂತಲೇ ಹಾಗೆ ಮಾಡಿದ್ದು.

ಗೇರಿನ ಲಿವರ್ ಹ್ಯಾಂಡಲ್ ಮೇಲೆ ಹೆಬ್ಬೆರಳಿನಿಂದ ತಳ್ಳುವ ಹಳೇ ಕಾಲದ್ದಾಗಿದ್ದರೆ ಖುಷಿಪಡಿ. ಅವು ಕೆಡುವುದೇ ಇಲ್ಲ ಅನ್ನಬಹುದು. ಕ್ಲಿಕ್ ಸರಿಯಾಗದಿದ್ದರೆ ಎಷ್ಟೋ ಲಿವರುಗಳಲ್ಲಿ ಕ್ಲಿಕ್ ಇಲ್ಲದೆ ಓಡಿಸುವ ಸೌಲಭ್ಯವೂ ಇರುತ್ತದೆ. 90ರ ನಂತರದ ರ‍್ಯಾಪಿಡ್‌ಫೈರ್ ಶಿಫ್ಟರ್ ಒತ್ತಿದರೂ ಹಿಡಿಯದಿದ್ದರೆ ಒಳಗೆ ಗ್ರೀಸ್ ಗಟ್ಟಿಯಾಗಿರುವುದೇ ಹೆಚ್ಚು. ಸ್ಪ್ರೇ ಎಣ್ಣೆಯಿಂದ ತೊಳೆದರೆ ಮತ್ತೆ ಜೀವ ಬರಬಹುದು.

ಕೊನೆಗೆ ಪೆಡಲ್ ಡಬ್ಬಿಯ ಅಡಿಯಲ್ಲಿರುವ ಸೀರಿಯಲ್ ನಂಬರನ್ನು ಬೈಕ್ ಇಂಡೆಕ್ಸ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಕಳುವಾದ ಸೈಕಲ್ಲುಗಳ ದಾಖಲೆ ಅಲ್ಲಿ ಪುಕ್ಕಟೆ ಸಿಗುತ್ತದೆ. ನಂಬರನ್ನು ಉಜ್ಜಿ ಅಳಿಸಿದ್ದರೆ ಮಾತೇ ಬೇಡ.

ದುಡ್ಡಿನ ಲೆಕ್ಕ

ಒಂದು ಜೊತೆ ಟೈರು ಟ್ಯೂಬು, ಬ್ರೇಕ್ ಶೂ, ನಾಲ್ಕು ಕೇಬಲ್ಲು, ಚೈನು, ಮಡ್‌ಗಾರ್ಡ್, ಕ್ಯಾರಿಯರ್, ದೀಪ, ಬೀಗ. ಇಷ್ಟು ಎಲ್ಲರಿಗೂ ಬೇಕಾಗುತ್ತದೆ, ಸೈಕಲ್ಲಿಗೆ ಕೊಟ್ಟಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇದಕ್ಕೆ ಹೋಗುತ್ತದೆ ಅಂತ ಮೊದಲೇ ಮನಸ್ಸಿನಲ್ಲಿರಲಿ. ಅದರ ಮೇಲೆ ಎರಡೂ ಗಾಲಿ ಹೊಸದು, ಗೇರು ಹೊಸದು ಅಂತ ಶುರುವಾದರೆ ಮೂಗಿಗಿಂತ ಮೂಗುತಿ ಭಾರ. ಹಾಗಾಗಿ ಗಾಲಿ ಮತ್ತು ಗೇರು ಸರಿಯಿರುವುದನ್ನೇ ಆರಿಸಿ, ಬೇಕಾದರೆ ಐವತ್ತು ಡಾಲರ್ ಜಾಸ್ತಿ ಕೊಡಿ.

ಹಳೇ ಸೈಕಲ್ ರಿಪೇರಿ ಮಾಡಿ ಮಾರುವ, ಸ್ವಯಂಸೇವಕರು ನಡೆಸುವ ಅಂಗಡಿಗಳು ಬೇ ಏರಿಯಾದಲ್ಲಿ ಇವೆ. ಅಂಥ ಕಡೆ ಬಿಡಿಭಾಗಗಳ ಡಬ್ಬಿ ತಡಕಾಡಿದರೆ ಬೇಕಾದ ಸ್ಟೆಮ್ಮು, ಪೋಸ್ಟು ಒಂದೆರಡು ಡಾಲರಿಗೆ ಸಿಗುತ್ತದೆ. ಪಾನಾ ಹಿಡಿಯುವುದನ್ನೂ ಹೇಳಿಕೊಡುತ್ತಾರೆ.

ಮನೆಗೆ ತಂದ ಮೇಲೆ: ಮೊದಲು ಗ್ರೀಸು

ತೊಳೆಯಿರಿ, ಒಣಗಿಸಿ. ಸೀಟ್ ಪೋಸ್ಟು, ಸ್ಟೆಮ್ಮು, ಪೆಡಲು ಮೂರನ್ನೂ ಬಿಚ್ಚಿ, ಗ್ರೀಸ್ ಹಚ್ಚಿ ಮತ್ತೆ ಹಾಕಿ. ಎಡ ಪೆಡಲಿನ ಮರೆ (ತಿರುಪಿನ ಥ್ರೆಡ್) ಉಲ್ಟಾ ಇರುತ್ತದೆ ಅನ್ನುವುದು ನೆನಪಿರಲಿ. ಗಾಲಿಯ ಬೇರಿಂಗು, ಹ್ಯಾಂಡಲ್ ಬೇರಿಂಗು ಬಿಚ್ಚಬಲ್ಲವರು ಬಿಚ್ಚಿ ಹೊಸ ಗ್ರೀಸ್ ತುಂಬಿ. ಗುಂಡುಗಳಿಗೆ ಬೆಲೆ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಹೊಸದನ್ನೇ ಹಾಕಿ.

ಪೆಡಲ್ ಅಚ್ಚಿನ ಬೇರಿಂಗ್ ಕರಕರ ಅನ್ನುತ್ತಿದ್ದರೆ ರಿಪೇರಿಗೆ ಹೋಗಬೇಡಿ. ಶಿಮಾನೋದ ಸೀಲ್ ಮಾಡಿದ ಚೌಕಾಕಾರದ ಅಚ್ಚಿನ ಸೆಟ್ ಕಡಿಮೆ ಬೆಲೆಗೆ ಸಿಗುತ್ತದೆ, ಹಾಕಿ ಮರೆತುಬಿಡಬಹುದು. ಡಬ್ಬಿಯ ಅಗಲ 68 ಮಿ.ಮೀ. ಇದೆಯೋ 73 ಇದೆಯೋ ಅಳೆದುಕೊಂಡು, ಹಳೇ ಅಚ್ಚಿನ ಉದ್ದವನ್ನೂ ಬರೆದುಕೊಂಡು ಕೊಳ್ಳಿ. ಇಲ್ಲಿ ಚೈನ್ ಇರುವ ಬಲಗಡೆಯ ಮರೆ ಉಲ್ಟಾ.

ಟೈರು

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇದೇ. ಬೆಟ್ಟಕ್ಕೆಂದು ಮಾಡಿದ ಗುಬುಟು ಟೈರು ಟಾರ್ ರಸ್ತೆಯಲ್ಲಿ ಗುಂಯ್ ಅನ್ನುತ್ತಾ ಶಕ್ತಿಯನ್ನೆಲ್ಲ ತಿನ್ನುತ್ತದೆ. ನುಣ್ಣಗಿನ, 1.5ರಿಂದ 2 ಇಂಚು ಅಗಲದ ಟೈರು ಹಾಕಿದರೆ ಅದೇ ಸೈಕಲ್ ಹಗುರವಾದ ಹಾಗೆ ಅನ್ನಿಸುತ್ತದೆ. ನನ್ನ ಮತ ಮಾತ್ರ 1.75ಕ್ಕೆ. ಸಸ್ಪೆನ್ಷನ್ ಮಾಡಬೇಕಾದ ಕೆಲಸವನ್ನು ಗಾಳಿಯೇ ಮಾಡುತ್ತದೆ. 70 ಕೆ.ಜಿ. ತೂಕದವರು ಮುಂದೆ 40, ಹಿಂದೆ 45 ಪಿಎಸ್‌ಐ ಹೊಡೆದು ಶುರು ಮಾಡಿ, ಆಮೇಲೆ ನಿಮ್ಮ ದಾರಿಗೆ ತಕ್ಕ ಹಾಗೆ ಏರಿಸಿ ಇಳಿಸಿ. ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡದವರೆಗೆ ತುಂಬುವ ಚಟ ಕೆಲವರಿಗಿದೆ. ಸೈಕಲ್ ಕುಣಿಯುತ್ತದೆ, ಅಷ್ಟೇ. ಪಂಕ್ಚರ್ ತಡೆಯುವ ಪದರ ಇರುವ ಶ್ವಾಲ್ಬೆ ಮ್ಯಾರಥಾನ್ ತರದ ಟೈರು ಸ್ವಲ್ಪ ಭಾರ, ಆದರೆ ಒಂಬತ್ತು ಗಂಟೆಯ ಮೀಟಿಂಗ್ ಇರುವವರಿಗೆ ಅದೇ ಸರಿ.

26 ಇಂಚು ಅಂತ ಮಾತ್ರ ಕೇಳಿ ಟೈರು ತರಬೇಡಿ. ಟೈರಿನ ಪಕ್ಕದಲ್ಲಿ 559 ಅಂತ (ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ, ಮಿ.ಮೀ.ನಲ್ಲಿ) ಬರೆದಿರಬೇಕು. ಊರಲ್ಲಿ ನಾವು ನೋಡಿದ 26 ಇಂಟು ಒಂದು ಮೂರು ಬೈ ಎಂಟು ಸೈಕಲ್ಲಿನ ಅಳತೆ 590. ಹೆಸರು ಒಂದೇ, ಒಂದಕ್ಕೊಂದು ಕೂರುವುದಿಲ್ಲ. ಈಗಿನ 27.5 ಇಂಚಿನದ್ದು 584. ಅದೂ ಬೇಡ.

ಬ್ರೇಕು

ಆ ಕಾಲದ ಹೆಚ್ಚಿನ ಸೈಕಲ್ಲುಗಳಲ್ಲಿ ಕ್ಯಾಂಟಿಲಿವರ್ ಬ್ರೇಕು. ಎರಡು ತೋಳು, ಎರಡನ್ನೂ ಸೇರಿಸುವ ಒಂದು ಅಡ್ಡ ಕೇಬಲ್ಲು, ಅದನ್ನು ಮೇಲಕ್ಕೆ ಎಳೆಯುವ ಮುಖ್ಯ ಕೇಬಲ್ಲು. 'ಹಳೇ ಬ್ರೇಕು ಹಿಡಿಯುವುದೇ ಇಲ್ಲ' ಅನ್ನುವ ದೂರು ಬಹಳ. ಬಹುಪಾಲು ಅದು ಕಲ್ಲಾಗಿರುವ ಮೂವತ್ತು ವರ್ಷದ ರಬ್ಬರಿನ ಮೇಲಿನ ದೂರು. ಹೊಸ ಬ್ರೇಕ್ ಶೂ ಹಾಕಿ. ಕೂಲ್‌ಸ್ಟಾಪ್ ಕಂಪನಿಯ ಕಿತ್ತಳೆ-ಗುಲಾಬಿ ಬಣ್ಣದ ಶೂ ಮಳೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ.

ಕೂರಿಸುವ ಕ್ರಮ ಹೀಗೆ. ರಿಮ್ಮನ್ನು ಸ್ಪಿರಿಟ್‌ನಿಂದ ಒರೆಸಿ. ಹಳೇ ಕೇಬಲ್ಲು ಮತ್ತು ಅದರ ಕವಚ ಎರಡನ್ನೂ ಎಸೆದು ಹೊಸದು ಹಾಕಿ. ಶೂ ರಿಮ್ಮಿನ ನಡುವಿಗೆ ತಾಗಬೇಕು, ಟೈರಿಗೆ ತಾಗಲೇಬಾರದು. ಶೂನ ಹಿಂದಿನ ತುದಿಗೂ ರಿಮ್ಮಿಗೂ ನಡುವೆ ಮಡಿಸಿದ ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿ ಮಾಡಿ. ಮುಂದಿನ ತುದಿ ಮೊದಲು ತಾಗಿದರೆ ಕೀಚಲು ಶಬ್ದ ಬರುವುದಿಲ್ಲ. ಅಡ್ಡ ಕೇಬಲ್ಲನ್ನು ಟೈರಿಗೆ ಹತ್ತಿರ, ತಗ್ಗಿನಲ್ಲಿ ಇಟ್ಟಷ್ಟೂ ಹಿಡಿತ ಜಾಸ್ತಿ, ಆದರೆ ಮಡ್‌ಗಾರ್ಡಿಗೆ ಜಾಗ ಬಿಡಿ. ಮುಂದಿನ ಗಾಲಿಯ ಮೇಲೆ ರಿಫ್ಲೆಕ್ಟರ್ ಹಿಡಿದ ಒಂದು ತಗಡು ಇದ್ದರೆ ಅಂದಕ್ಕೆಂದು ಕಿತ್ತುಹಾಕಬೇಡಿ. ಮುಖ್ಯ ಕೇಬಲ್ಲು ತುಂಡಾದರೆ ಅಡ್ಡ ಕೇಬಲ್ಲು ಗುಬುಟಿಗೆ ಸಿಕ್ಕಿ ಗಾಲಿ ನಿಂತು ನೀವು ಮುಂದಕ್ಕೆ ಹಾರುವುದನ್ನು ಅದು ತಡೆಯುತ್ತದೆ. ನುಣ್ಣನೆಯ ಟೈರಿನಲ್ಲಿ ಆ ಅಪಾಯ ಕಡಿಮೆ, ಮಡ್‌ಗಾರ್ಡ್ ಇದ್ದರೆ ಇನ್ನೂ ಕಡಿಮೆ.

ಇಷ್ಟಾದರೂ ಸಮಾಧಾನ ಇಲ್ಲದಿದ್ದರೆ 1996ರ ಸುಮಾರಿಗೆ ಬಂದ ಉದ್ದ ತೋಳಿನ ವಿ-ಬ್ರೇಕನ್ನು, ಹಳೇ ಬ್ರೇಕಿನ ತೋಳುಗಳು ಕೂತಿದ್ದ ಅದೇ ಗೂಟಗಳ ಮೇಲೆ ಹಾಕಬಹುದು. ಆದರೆ ಲಿವರನ್ನೂ ಬದಲಿಸಲೇಬೇಕು. ಹಳೇ ಲಿವರ್ ಎಳೆಯುವ ಕೇಬಲ್ಲಿನ ಉದ್ದ ವಿ-ಬ್ರೇಕಿಗೆ ಸಾಲದು. ಬ್ರೇಕ್ ಲಿವರೂ ಗೇರ್ ಶಿಫ್ಟರೂ ಒಂದೇ ತುಂಡಾಗಿದ್ದರೆ ಖರ್ಚು ದುಪ್ಪಟ್ಟು.

1986-88ರ ಕೆಲವು ಸೈಕಲ್ಲುಗಳಲ್ಲಿ ಹಿಂದಿನ ಬ್ರೇಕು ಪೆಡಲ್ ಹತ್ತಿರ ಕೆಳಗೆ ಇರುತ್ತದೆ, ಯು-ಬ್ರೇಕ್ ಅಂತ. ಶೂ ಸವೆದ ಹಾಗೆ ಮೇಲಕ್ಕೇರಿ ಟೈರನ್ನು ಕಡಿಯತೊಡಗುತ್ತದೆ. ತಿಂಗಳಿಗೊಮ್ಮೆ ಬಗ್ಗಿ ನೋಡುವವರು ಮಾತ್ರ ಇದನ್ನು ಕೊಳ್ಳಿ.

ಕೂರುವ ಭಂಗಿ, ಗೇರು

ಸ್ಟೆಮ್ಮಿನ ಮೈಮೇಲೆ ಗುರುತು ಮಾಡಿದ ಗೆರೆ ಪೈಪಿನೊಳಗೆ ಮುಚ್ಚಿರುವವರೆಗೆ ಮಾತ್ರ ಅದನ್ನು ಎತ್ತರಿಸಿ. ಇನ್ನೂ ಬೆನ್ನು ಬಗ್ಗುತ್ತಿದ್ದರೆ ಹಿಂದಕ್ಕೆ ಬಾಗಿದ ಹ್ಯಾಂಡಲ್ ಹಾಕಿ. ನಡುವೆ 25.4 ಮಿ.ಮೀ., ಹಿಡಿಯುವ ಕಡೆ 22.2 ಮಿ.ಮೀ. ಇರುವುದನ್ನು ತಂದರೆ ನಿಮ್ಮ ಹಳೇ ಲಿವರುಗಳೇ ಕೂರುತ್ತವೆ. ಕೇಬಲ್ ಉದ್ದ ಸಾಲದೆ ಹೋಗಬಹುದು. ಆದ್ದರಿಂದ ಹ್ಯಾಂಡಲ್ ಮೊದಲು, ಕೇಬಲ್ ಆಮೇಲೆ.

ಮುಂದೆ ಮೂರು ಹಲ್ಲಿನ ಚಕ್ರ ಇರುತ್ತವೆ. ಎರಡನ್ನು ತೆಗೆದು ಒಂದೇ ಮಾಡುವುದು ಈಗಿನ ಫ್ಯಾಷನ್ನು. ಸುಮ್ನೆ ಬಿಡಿ. ಸಮತಟ್ಟು ದಾರಿಯಲ್ಲಿ ನಡುವಿನದರಲ್ಲೇ ಓಡುತ್ತೀರಿ, ಏರು ಬಂದಾಗ ಚಿಕ್ಕದು ಇದೆಯಲ್ಲ. ಸನ್‌ಟೂರ್ ಕಂಪನಿಯ ಕ್ಲಿಕ್ ಶಿಫ್ಟರ್ ಇರುವ ಸೈಕಲ್ಲಿಗೆ ಶಿಮಾನೋ ಗೇರು ಹಾಕಿದರೆ ಕ್ಲಿಕ್ಕುಗಳು ತಾಳೆಯಾಗುವುದಿಲ್ಲ ಅನ್ನುವುದೊಂದು ಗೊತ್ತಿರಲಿ.

ಮಡ್‌ಗಾರ್ಡು, ಕ್ಯಾರಿಯರು, ದೀಪ

ಬೇ ಏರಿಯಾದ ಮಳೆ ನವೆಂಬರಿನಿಂದ ಮಾರ್ಚಿನವರೆಗೆ. ಪೂರ್ತಿ ಉದ್ದದ ಮಡ್‌ಗಾರ್ಡ್ ಇಲ್ಲದಿದ್ದರೆ ಪ್ಯಾಂಟಿನ ಹಿಂಭಾಗ ಆಫೀಸಿನಲ್ಲಿ ಎಲ್ಲ ಕಥೆ ಹೇಳುತ್ತದೆ. ಟೈರಿಗಿಂತ 10-15 ಮಿ.ಮೀ. ಅಗಲದ್ದು ತನ್ನಿ, ಟೈರಿಗೂ ಅದಕ್ಕೂ ಒಂದು ಬೆರಳು ಜಾಗ ಬಿಡಿ. ಲ್ಯಾಪ್‌ಟಾಪ್ ಬೆನ್ನ ಮೇಲೆ ಬೇಡ, ಹಿಂದೆ ಕ್ಯಾರಿಯರಿನ ಪಕ್ಕಕ್ಕೆ ತೂಗುಹಾಕುವ ಚೀಲದಲ್ಲಿರಲಿ. ಕ್ಯಾಲ್‌ಟ್ರೇನಿನ ಬೈಕ್ ಬೋಗಿಯಲ್ಲಿ ಒಂದರ ಪಕ್ಕ ಒಂದು ಒರಗಿಸಿ ನಾಲ್ಕು ಸೈಕಲ್ಲು ಕಟ್ಟುತ್ತಾರೆ. ಚೀಲ ಬಿಚ್ಚಿ ಕೈಯಲ್ಲಿ ಹಿಡಿಯುವಂತಿರಬೇಕು, ಇಳಿಯುವ ಸ್ಟೇಷನ್ನಿನ ಚೀಟಿ ಸೈಕಲ್ಲಿಗೆ ಕಟ್ಟಿರಬೇಕು. ಇಲ್ಲದಿದ್ದರೆ ನಿಮಗಿಂತ ಮೊದಲು ಇಳಿಯುವವರ ಸೈಕಲ್ ನಿಮ್ಮದರ ಹಿಂದೆ ಸಿಕ್ಕಿಕೊಳ್ಳುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಕತ್ತಲಾದ ಮೇಲೆ ಮುಂದೆ 300 ಅಡಿಯಿಂದ ಕಾಣುವ ಬಿಳಿ ದೀಪ, ಹಿಂದೆ 500 ಅಡಿಯಿಂದ ಕಾಣುವ ಕೆಂಪು ರಿಫ್ಲೆಕ್ಟರ್ ಅಥವಾ ರಿಫ್ಲೆಕ್ಟರ್ ಸೇರಿರುವ ಕೆಂಪು ದೀಪ ಕಡ್ಡಾಯ. ಎರಡೂ ಕಡೆ ದೀಪವನ್ನೇ ಹಾಕಿ.

ಊರಿನಲ್ಲಿ ಮಾಡುವವರಿಗೆ

ಬೆಂಗಳೂರು, ಮೈಸೂರಿನಲ್ಲಿ ಈ ಅಮೆರಿಕನ್ ಸೈಕಲ್ಲುಗಳು ಅಪರೂಪ. ಆದರೆ ಹೀರೋ ರೇಂಜರ್ ತರದ, ಸಸ್ಪೆನ್ಷನ್ ಇಲ್ಲದ ಹಳೇ ಸ್ಟೀಲ್ ಸೈಕಲ್ಲಿಗೂ ಇದೇ ಪರೀಕ್ಷೆ, ಇದೇ ಕ್ರಮ. ಭಾರ ಜಾಸ್ತಿ, ಗೇರು ಇಲ್ಲ. ಕ್ರ್ಯಾಂಕಿಗೆ ಕಾಟರ್ ಪಿನ್ (ಕ್ರ್ಯಾಂಕನ್ನು ಅಚ್ಚಿಗೆ ಬಿಗಿ ಹಿಡಿಯುವ ಬೆಣೆ) ಇದ್ದರೆ ಅದು ಸಡಿಲವಾಗಿದೆಯೇ ಅಂತ ಮೊದಲೇ ನೋಡಿ. ಗುಂಡಿ, ಹಂಪುಗಳ ರಸ್ತೆಗೆ ಟೈರು 1.95ರ ಕೆಳಗೆ ಇಳಿಸಬೇಡಿ. ಟೈರ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಓಡಿಸಲು ಶುರು ಮಾಡಿದ ಮೇಲೆ

ಮೊದಲು ಒಂದು ಭಾನುವಾರ, ಆಫೀಸಿನ ದಾರಿಯಲ್ಲೇ ಒಂದು ಸಲ ಹೋಗಿಬನ್ನಿ. ಕಾರುಗಳಿಲ್ಲದ ದಾರಿಗಳಾದ ಸ್ಟೀವನ್ಸ್ ಕ್ರೀಕ್ ಟ್ರೇಲ್ ಅಥವಾ ಗ್ವಾಡಲೂಪೆ ರಿವರ್ ಟ್ರೇಲ್ ನಿಮ್ಮ ದಾರಿಗೆ ಸಿಗುವುದಾದರೆ ರಸ್ತೆಗಿಂತ ಸ್ವಲ್ಪ ಸುತ್ತಾದರೂ ಅದನ್ನೇ ಹಿಡಿಯಿರಿ. ಹೊಸ ಕೇಬಲ್ಲು ಮೊದಲ ವಾರ ಹಿಗ್ಗುತ್ತದೆ. ಬ್ರೇಕು ಗೇರು ಎರಡನ್ನೂ ಇನ್ನೊಮ್ಮೆ ಬಿಗಿ ಮಾಡಿ. ಕ್ರ್ಯಾಂಕಿನ ಬೋಲ್ಟುಗಳನ್ನೂ ಅದೇ ಹೊತ್ತಿಗೆ ಬಿಗಿ ಮಾಡಿ. ಸಡಿಲವಾಗಿದ್ದು ತಿಳಿಯದೆ ಓಡಿಸಿದರೆ ಚೌಕದ ತೂತು ಸವೆದು ಕ್ರ್ಯಾಂಕೇ ಹಾಳಾಗುತ್ತದೆ. ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡಿ, ಒಂದು ಜೋಡಿ ಮಾತ್ರ ಸಡಿಲ ಅನ್ನಿಸಿದರೆ ಗಾಲಿ ಬೆಂಡು ತೆಗೆಸಿ.

ಬೀಗ ಯು ಆಕಾರದ್ದಿರಲಿ, ಫ್ರೇಮನ್ನೂ ಹಿಂದಿನ ಗಾಲಿಯನ್ನೂ ಸೇರಿಸಿ ಹಾಕಿ. ಈ ಸೈಕಲ್ಲುಗಳಲ್ಲಿ ಗಾಲಿ ಮತ್ತು ಸೀಟನ್ನು ಲಿವರ್ ಎತ್ತಿ ಕೈಯಲ್ಲೇ ಬಿಚ್ಚಬಹುದು. ಆ ಲಿವರುಗಳ ಬದಲು ಅಲೆನ್ ಕೀ ಬೇಕಾಗುವ ಬೋಲ್ಟ್ ಹಾಕಿಕೊಳ್ಳಿ, ಅಲೆನ್ ಕೀ ಚೀಲದಲ್ಲಿರಲಿ.